ಭೂಕಂಪ ಎಲ್ಲಿ ಆಯಿತು? ಎರಡು ಅಲೆಗಳು ಕೊಟ್ಟ ಉತ್ತರ

1897ರ ಜೂನ್ 12, ಶನಿವಾರ. ಸಂಜೆ ಸುಮಾರು ಐದೂಕಾಲು ಗಂಟೆ. ಅಂದು ಅಸ್ಸಾಮ್ ಪ್ರಾಂತ್ಯದ ಆಡಳಿತ ಕೇಂದ್ರವಾಗಿದ್ದ, ಇಂದು ಮೇಘಾಲಯದ ರಾಜಧಾನಿಯಾಗಿರುವ ಷಿಲ್ಲಾಂಗಿನಲ್ಲಿ ಕಲ್ಲಿನ ಕಟ್ಟಡಗಳು ಕೆಲವೇ ಕ್ಷಣಗಳಲ್ಲಿ ನೆಲಕಚ್ಚಿದವು. ನೆಲದ ಮೇಲಿದ್ದ ಬಂಡೆಗಳು ಚೆಂಡಿನಂತೆ ಗಾಳಿಗೆ ಚಿಮ್ಮಿದವು. ತಂತಿ ಕಂಬಗಳು ಉರುಳಿ ಸುದ್ದಿ ಸಂಪರ್ಕ ಕಡಿಯಿತು. ದೂರದ ಕಲ್ಕತ್ತದಲ್ಲಿಯೂ ಮನೆಗಳು ಬಿರುಕುಬಿಟ್ಟವು. ಸತ್ತವರು ಸುಮಾರು 1,500 ಮಂದಿ. ಜನರಲ್ಲಿ ಹೆಚ್ಚಿನವರು ಮನೆಯಿಂದ ಹೊರಗಿದ್ದ ಹೊತ್ತಾದ್ದರಿಂದ ಸಾವಿನ ಸಂಖ್ಯೆ ಇಷ್ಟಕ್ಕೆ ನಿಂತಿತು. ನಡುರಾತ್ರಿಯಲ್ಲಿ ಆಗಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ.

ಇಷ್ಟು ದೊಡ್ಡ ಕಂಪನ ಹುಟ್ಟಿದ್ದು ಎಲ್ಲಿ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಹೆಚ್ಚು ಹಾನಿಯಾದ ಊರೇ ಭೂಕಂಪದ ಕೇಂದ್ರ ಎಂದು ಹೇಳಿಬಿಡಬಹುದಲ್ಲವೇ? ಹಾಗೆ ಹೇಳಲು ಬರುವುದಿಲ್ಲ. ನದಿಯ ಮೆಕ್ಕಲು ಮಣ್ಣಿನ ಮೇಲೆ ನಿಂತ ಊರು ದೂರದಲ್ಲಿದ್ದರೂ ಹೆಚ್ಚು ಅಲುಗುತ್ತದೆ. ಗಟ್ಟಿ ಬಂಡೆಯ ಮೇಲಿನ ಊರು ಹತ್ತಿರದಲ್ಲಿದ್ದರೂ ಉಳಿದುಕೊಳ್ಳಬಹುದು. ಬಿದ್ದ ಗೋಡೆ ಭೂಕಂಪದ ಬಲವನ್ನು ಹೇಳುವಷ್ಟೇ ಕಟ್ಟಿದವನ ಕೆಲಸವನ್ನೂ ಹೇಳುತ್ತದೆ.

ಆದರೂ ಬಹುಕಾಲ ವಿಜ್ಞಾನಿಗಳ ಕೈಯಲ್ಲಿದ್ದುದು ಈ ಬಿದ್ದ ಗೋಡೆಗಳೇ. 1857ರ ಡಿಸೆಂಬರಿನಲ್ಲಿ ಇಟಲಿಯ ನೇಪಲ್ಸ್ ರಾಜ್ಯದಲ್ಲಿ ಭೂಕಂಪವಾದಾಗ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾಲೆಟ್ ಅಲ್ಲಿಗೆ ಹೋಗಿ, ಗೋಡೆಗಳ ಬಿರುಕು ಯಾವ ದಿಕ್ಕಿಗಿದೆ, ಕಂಬ ಯಾವ ಕಡೆಗೆ ಬಿದ್ದಿದೆ ಎಂದು ಅಳೆದು, ಆ ಗೆರೆಗಳನ್ನು ಹಿಂದಕ್ಕೆ ಎಳೆದು ಮೂಲವನ್ನು ಹುಡುಕಿದರು. ನಮ್ಮಲ್ಲಿ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ಮುಖ್ಯಸ್ಥರಾಗಿದ್ದ ಥಾಮಸ್ ಓಲ್ಡ್‌ಹ್ಯಾಮ್ 1869ರ ಕಚಾರ್ ಭೂಕಂಪವನ್ನು ಅಧ್ಯಯನ ಮಾಡಿದರು. ಅವರ ಬರಹವನ್ನು ಮುಂದೆ ಪ್ರಕಟಣೆಗೆ ಸಿದ್ಧಪಡಿಸಿದವರು ಅವರ ಮಗ, ಅದೇ ಇಲಾಖೆಗೆ 1879ರಲ್ಲಿ ಸೇರಿದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ನಮ್ಮ ಕಥೆಯ ನಾಯಕರು ಇವರೇ.

1897ರ ಭೂಕಂಪದ ವರದಿಯ ಹೊಣೆ ರಿಚರ್ಡ್ ಓಲ್ಡ್‌ಹ್ಯಾಮ್ ಅವರ ಪಾಲಿಗೆ ಬಂತು. ಕಂಪನ ಯಾವ ಊರಿಗೆ ಎಷ್ಟು ಹೊತ್ತಿಗೆ ಬಂತೆಂದು ತಿಳಿದರೆ ಅದು ಹೊರಟ ಜಾಗವನ್ನು ಲೆಕ್ಕ ಹಾಕಬಹುದು. ಆದರೆ ಆಗಿನ ಭಾರತದಲ್ಲಿ ‘ಎಷ್ಟು ಹೊತ್ತಿಗೆ’ ಎಂಬುದಕ್ಕೇ ಒಂದು ಉತ್ತರವಿರಲಿಲ್ಲ. ರೈಲು ಮತ್ತು ತಂತಿ ಕಚೇರಿಗಳು ಮದರಾಸಿನ ಸಮಯವನ್ನು ಪಾಲಿಸುತ್ತಿದ್ದವು. ಕಲ್ಕತ್ತಕ್ಕೆ ತನ್ನದೇ ಸಮಯ. ಮದರಾಸಿಗೂ ಅದಕ್ಕೂ ಸುಮಾರು 32 ನಿಮಿಷಗಳ ವ್ಯತ್ಯಾಸ. ಇಡೀ ದೇಶಕ್ಕೆ ಒಂದು ಕಾಲಮಾನ ಬಂದದ್ದು 1906ರಲ್ಲಿ. ಸೆಕೆಂಡಿಗೆ ಹಲವು ಕಿಲೋಮೀಟರ್ ಓಡುವ ಅಲೆಯನ್ನು ಇಂಥ ಗಡಿಯಾರಗಳಿಂದ ಹಿಡಿಯುವುದು ಹೇಗೆ? ಒಂದೇ ಒಂದು ನಿಮಿಷದ ತಪ್ಪು ನೂರಾರು ಕಿಲೋಮೀಟರುಗಳ ತಪ್ಪಾಗುತ್ತದೆ.

ಪರಿಹಾರ ಬಂದದ್ದು ಸಾವಿರಾರು ಕಿಲೋಮೀಟರ್ ಆಚೆಯಿಂದ. ಇದಕ್ಕೆ ಒಂದು ಹಿನ್ನೆಲೆಯಿದೆ. 1889ರ ಏಪ್ರಿಲ್ 17ರಂದು ಜರ್ಮನಿಯ ಪಾಟ್ಸ್‌ಡ್ಯಾಮಿನಲ್ಲಿ ಅರ್ನ್‌ಸ್ಟ್ ಫಾನ್ ರೇಬರ್-ಪಾಶ್‌ವಿಟ್ಸ್ ಎಂಬ ವಿಜ್ಞಾನಿಯ ಸೂಕ್ಷ್ಮ ಲೋಲಕ ಕಾರಣವಿಲ್ಲದೆ ಅಲುಗಿತು. ಆಕಾಶಕಾಯಗಳ ಸೆಳೆತದಿಂದ ನೆಲ ಎಷ್ಟು ಬಾಗುತ್ತದೆಂದು ನೋಡಲು ಇಟ್ಟಿದ್ದ ಉಪಕರಣ ಅದು. ಅದೇ ದಿನ ಜಪಾನಿನಲ್ಲಿ ಭೂಕಂಪವಾಗಿತ್ತೆಂದು ಅವರಿಗೆ ತಿಳಿದದ್ದು ಆಮೇಲೆ. ಭೂಮಿಯ ಒಂದು ಕಡೆ ನಡುಗಿದ್ದನ್ನು ಇನ್ನೊಂದು ಕಡೆ ಕುಳಿತು ದಾಖಲಿಸಬಹುದೆಂದು ಜಗತ್ತಿಗೆ ಗೊತ್ತಾಯಿತು. ಜಪಾನಿನಲ್ಲಿ ಹಲವು ವರ್ಷ ಪಾಠ ಹೇಳಿದ ಇಂಗ್ಲೆಂಡಿನ ಜಾನ್ ಮಿಲ್ನ್, ಗಡಿಯಾರ ಜೋಡಿಸಿದ ಭೂಕಂಪಮಾಪಕಗಳನ್ನು ಬೇರೆ ಬೇರೆ ದೇಶಗಳಲ್ಲಿ ಸ್ಥಾಪಿಸಲು ಶ್ರಮಿಸಿದರು. ನಮ್ಮ ಕಲ್ಕತ್ತದ ಆಲಿಪುರದಲ್ಲಿ ಭೂಕಂಪ ವೀಕ್ಷಣಾಲಯ ಆರಂಭವಾದದ್ದು 1898ರಲ್ಲಿ, ಅಂದರೆ ಅಸ್ಸಾಮಿನ ಅನಾಹುತ ಕಳೆದ ಮರುವರ್ಷ.

1897ರ ಭೂಕಂಪವನ್ನು ಇಟಲಿಯ ಉಪಕರಣಗಳು ದಾಖಲಿಸಿದ್ದವು. ಆ ಗೆರೆಗಳನ್ನು ಓಲ್ಡ್‌ಹ್ಯಾಮ್ ಪರಿಶೀಲಿಸಿದಾಗ ಕಂಪನ ಒಂದೇ ಸಲಕ್ಕೆ ಬಂದಂತೆ ಕಾಣಲಿಲ್ಲ. ಮೊದಲು ಸಣ್ಣ ನಡುಕ, ಸ್ವಲ್ಪ ಹೊತ್ತಿನ ನಂತರ ಇನ್ನೊಂದು, ಕೊನೆಗೆ ದೊಡ್ಡ ಉದ್ದನೆಯ ಅಲೆಗಳು. ಮತ್ತೆ ಕೆಲವು ಭೂಕಂಪಗಳ ದಾಖಲೆಗಳಲ್ಲಿಯೂ ಇದೇ ಕ್ರಮವಿತ್ತು. 1900ರಲ್ಲಿ ಪ್ರಕಟವಾದ ಅವರ ಲೇಖನ ಈ ಮೂರನ್ನೂ ಬೇರೆ ಬೇರೆ ಜಾತಿಯ ಅಲೆಗಳೆಂದು ಗುರುತಿಸಿತು. ಘನವಸ್ತುವಿನೊಳಗೆ ಎರಡು ಬಗೆಯ ಅಲೆಗಳು ಹರಿಯಬೇಕೆಂದು ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ ಬಹಳ ಹಿಂದೆಯೇ ಲೆಕ್ಕ ಹಾಕಿದ್ದರು. ಕಾಗದದ ಮೇಲಿನ ಆ ಗಣಿತ ಈಗ ನೆಲದಲ್ಲಿ ಕಾಣಿಸಿತು.

ಮೊದಲು ಬರುವುದು ಪ್ರಾಥಮಿಕ ಅಲೆ, ‘ಪಿ’ ಅಲೆ. ನಿಂತ ಗೂಡ್ಸ್ ರೈಲಿಗೆ ಎಂಜಿನ್ ಬಂದು ತಗುಲಿದಾಗ ಧಕ್ಕೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸಾಗುವಂತೆ ಇದು ಸಾಗುತ್ತದೆ. ಎರಡನೆಯದು ‘ಎಸ್’ ಅಲೆ. ಒಂದು ತುದಿ ಕಂಬಕ್ಕೆ ಕಟ್ಟಿದ ಹಗ್ಗವನ್ನು ಅಡ್ಡಲಾಗಿ ಒದರಿದರೆ ಹೇಗೆ ಓಡುತ್ತದೆಯೋ ಹಾಗೆ. ಇದರ ವೇಗ ಕಡಿಮೆ. ದ್ರವದಲ್ಲಿ ಇದು ಸಾಗುವುದೇ ಇಲ್ಲ. ಮೂರನೆಯವು ನೆಲದ ಮೇಲ್ಮೈಯನ್ನು ಹಿಡಿದು ಬರುವ ನಿಧಾನದ ಅಲೆಗಳು.

ಈಗ ಒಂದು ಉದಾಹರಣೆ. ಗೊತ್ತಿಲ್ಲದ ಒಂದು ಊರಿನಿಂದ ಎಕ್ಸ್‌ಪ್ರೆಸ್ ಬಸ್ಸೂ ಸಾಧಾರಣ ಬಸ್ಸೂ ಒಟ್ಟಿಗೆ ಹೊರಟವು. ಹೊರಟ ಹೊತ್ತು ನಿಮಗೆ ತಿಳಿಯದು. ಆದರೆ ಎರಡರ ವೇಗ ಗೊತ್ತಿದ್ದು, ಒಂದರ ಹಿಂದೆ ಇನ್ನೊಂದು ಎಷ್ಟು ಹೊತ್ತಿಗೆ ಬಂತೆಂದು ನೋಡಿದರೆ ಆ ಊರು ಎಷ್ಟು ದೂರವೆಂದು ಹೇಳಬಹುದು. ದೂರ ಹೆಚ್ಚಿದಷ್ಟೂ ನಿಧಾನದ ಬಸ್ಸು ಹಿಂದೆ ಬೀಳುತ್ತದೆ. ಭೂಮಿಯ ಮೇಲ್ಪದರದಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಎಸ್ ಅಲೆ ಸುಮಾರು 3.5 ಕಿಲೋಮೀಟರ್ ಓಡುತ್ತವೆ ಎನ್ನೋಣ. 84 ಕಿಲೋಮೀಟರ್ ಕ್ರಮಿಸಲು ಮೊದಲನೆಯದಕ್ಕೆ 14 ಸೆಕೆಂಡು, ಎರಡನೆಯದಕ್ಕೆ 24 ಸೆಕೆಂಡು ಬೇಕು. ಅಂತರ 10 ಸೆಕೆಂಡು. ಹಾಗಾದರೆ ಅಂತರದ ಪ್ರತಿ ಸೆಕೆಂಡಿಗೆ 8.4 ಕಿಲೋಮೀಟರ್ ದೂರ. ಇಂಥ ಸರಳ ಸೂತ್ರವೊಂದನ್ನು ಜಪಾನಿನ ಫುಸಾಕಿಚಿ ಒಮೊರಿ ಬಳಕೆಗೆ ತಂದರು.

ಇದರ ಸೊಗಸು ಎಲ್ಲಿದೆ ನೋಡಿ. ಎರಡೂ ಅಲೆಗಳನ್ನು ಅಳೆಯುವುದು ಒಂದೇ ಗಡಿಯಾರ. ಅದು ಅರ್ಧ ಗಂಟೆ ಹಿಂದಿದ್ದರೂ ಚಿಂತೆಯಿಲ್ಲ, ಮದರಾಸಿನ ಸಮಯವಾದರೂ ಸರಿ, ಕಲ್ಕತ್ತದ್ದಾದರೂ ಸರಿ. ಅದರ ಓಟ ಸಮವಾಗಿದ್ದರೆ ಸಾಕು; ಕಳೆಯುವಾಗ ತಪ್ಪು ತಾನಾಗಿ ಹೊರಟುಹೋಗುತ್ತದೆ. ಓಲ್ಡ್‌ಹ್ಯಾಮ್ ಅವರ ಕಾಲದವರನ್ನು ಸತಾಯಿಸಿದ್ದ ತೊಡಕು ಹೀಗೆ ಸಡಿಲವಾಯಿತು.

ಒಂದು ಕೇಂದ್ರದಿಂದ ದೂರ ಮಾತ್ರ ತಿಳಿಯುತ್ತದೆ, ದಿಕ್ಕು ತಿಳಿಯದು. ಆದ್ದರಿಂದ ಆ ಊರನ್ನು ನಡುವಿಟ್ಟು ಅಷ್ಟು ದೂರಕ್ಕೆ ಒಂದು ವೃತ್ತ ಬರೆಯಬೇಕು. ಎರಡು ವೃತ್ತಗಳು ಎರಡು ಕಡೆ ಕತ್ತರಿಸುತ್ತವೆ. ಮೂರನೆಯದು ನಿರ್ಣಯ ಹೇಳುತ್ತದೆ. ನೀವೇ ಪ್ರಯತ್ನಿಸಿ: ಕರ್ನಾಟಕದ ನಕ್ಷೆ, ಕೈವಾರ ತೆಗೆದುಕೊಳ್ಳಿ. ಒಂದು ಕಲ್ಪಿತ ಭೂಕಂಪದಲ್ಲಿ ಎರಡು ಅಲೆಗಳ ಅಂತರ ಮೈಸೂರಿನಲ್ಲಿ 25.6 ಸೆಕೆಂಡು, ಬೆಂಗಳೂರಿನಲ್ಲಿ 22.5, ಬಳ್ಳಾರಿಯಲ್ಲಿ 13.7 ಇತ್ತೆನ್ನಿ. ಪ್ರತಿಯೊಂದನ್ನೂ 8.4ರಿಂದ ಗುಣಿಸಿ ವೃತ್ತ ಎಳೆದರೆ ಮೂರೂ ಒಂದು ಹೆಸರಾಂತ ಕೋಟೆಯ ಊರಿನ ಬಳಿ ಸೇರಬೇಕು.

ನಿಜ ಜೀವನದಲ್ಲಿ ಅವು ಇಷ್ಟು ಅಚ್ಚುಕಟ್ಟಾಗಿ ಸೇರುವುದಿಲ್ಲ. ಭೂಕಂಪ ಹುಟ್ಟುವುದು ನೆಲದಾಳದ ನಾಭಿಯಲ್ಲಿ. ನಾವು ಹುಡುಕುವ ಅಧಿಕೇಂದ್ರ ಅದರ ನೆತ್ತಿಯ ಮೇಲೆ, ನೆಲದ ಮೇಲ್ಮೈಯಲ್ಲಿರುವ ಬಿಂದು. ಆಳ ಹೆಚ್ಚಿದ್ದರೆ ವೃತ್ತಗಳು ಒಂದರ ಮೇಲೊಂದು ಹಾಯುತ್ತವೆ. ಅಲ್ಲದೆ ಆಳಕ್ಕೆ ಹೋದಂತೆ ಅಲೆಗಳ ವೇಗ ಏರುತ್ತದೆ. 7,000 ಕಿಲೋಮೀಟರ್ ದೂರಕ್ಕೆ, ಅಂದರೆ ಹೆಚ್ಚುಕಡಿಮೆ ಷಿಲ್ಲಾಂಗಿನಿಂದ ಇಟಲಿಗೆ, ಪಿ ಅಲೆ ಹತ್ತೂವರೆ ನಿಮಿಷದಲ್ಲಿ, ಎಸ್ ಅಲೆ ಸುಮಾರು ಹತ್ತೊಂಬತ್ತು ನಿಮಿಷದಲ್ಲಿ ತಲಪುತ್ತವೆ. ಇಲ್ಲಿ ನಮ್ಮ 8.4ರ ಲೆಕ್ಕ ಕೆಲಸಕ್ಕೆ ಬಾರದು. ಅದಕ್ಕಾಗಿಯೇ ದೂರ-ಕಾಲಗಳ ಕೋಷ್ಟಕಗಳು ಬೇಕಾದವು. ಜೆಫ್ರೀಸ್ ಮತ್ತು ಬುಲೆನ್ ಅವರು 1940ರಲ್ಲಿ ಪ್ರಕಟಿಸಿದ ಕೋಷ್ಟಕ ದಶಕಗಳ ಕಾಲ ಬಳಕೆಯಲ್ಲಿತ್ತು. ಈ ಕಾಲಗಳನ್ನೇ ನೋಡುತ್ತ, ಬಹಳ ದೂರ ಹೋದ ಅಲೆಗಳು ನಿರೀಕ್ಷೆಗಿಂತ ತಡವಾಗಿ ಬರುವುದನ್ನು ಗಮನಿಸಿ, ಭೂಮಿಗೆ ಬೇರೆಯೇ ಆದ ಒಂದು ತಿರುಳು ಇದೆಯೆಂದು 1906ರಲ್ಲಿ ಸಾರಿದವರೂ ಓಲ್ಡ್‌ಹ್ಯಾಮ್ ಅವರೇ.

ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ಹೆಸರಾದ ಊರು ಗೌರಿಬಿದನೂರು. 1965ರಲ್ಲಿ ಅಣುಶಕ್ತಿ ಇಲಾಖೆ ಬ್ರಿಟನ್ನಿನ ಸಹಕಾರದೊಡನೆ ಅಲ್ಲಿ ಇಪ್ಪತ್ತು ಭೂಕಂಪಮಾಪಕಗಳನ್ನು ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಹೂಳಿಸಿತು. ಪ್ರತಿ ತೋಳಿನ ಉದ್ದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಅಲೆಯೊಂದು ಯಾವ ಮಾಪಕವನ್ನು ಮೊದಲು, ಯಾವುದನ್ನು ಆಮೇಲೆ ಮುಟ್ಟಿತೆಂಬುದರಿಂದ ಅದು ಬಂದ ದಿಕ್ಕನ್ನೂ ತಿಳಿಯಬಹುದು. ದೂರದೇಶಗಳ ನೆಲದಡಿಯ ಅಣುಸ್ಫೋಟಗಳನ್ನು ಪತ್ತೆಹಚ್ಚುವುದು ಇದರ ಉದ್ದೇಶ.

ಒಂದು ಚುಕ್ಕೆಯನ್ನು ನಕ್ಷೆಯ ಮೇಲೆ ಗುರುತಿಸಲು ಇಷ್ಟೊಂದು ಪಾಡೇಕೆ ಎಂದು ನೀವು ಕೇಳಬಹುದು. 1993ರ ಸೆಪ್ಟೆಂಬರ್ 30ರ ಮುಂಜಾನೆ ನಾಲ್ಕಕ್ಕೆ ಕೆಲವು ನಿಮಿಷಗಳಿರುವಾಗ, ಗಣೇಶನ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಪ್ರದೇಶ ನಡುಗಿತು. ನಮ್ಮ ಬೀದರ್, ಕಲಬುರಗಿ ಕಡೆಗೂ ಕಂಪನ ತಟ್ಟಿತು. ಕಲ್ಲು ಮಣ್ಣಿನ ಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಕುಸಿದು ಸಾವಿರಾರು ಜನ ಸತ್ತರು. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. ಹಿಂದಿನ ಅಧಿಕೇಂದ್ರಗಳ ಚುಕ್ಕೆಗಳು ಎಲ್ಲಿ ದಟ್ಟವಾಗಿವೆ, ಎಲ್ಲಿ ವಿರಳವಾಗಿವೆ ಎಂಬುದೂ ಇಂಥ ನಕ್ಷೆಗಳಿಗೆ ಒಂದು ಆಧಾರ. ಕಿಲ್ಲಾರಿಯ ಚುಕ್ಕೆ ಬಿದ್ದ ಮೇಲೆ ಆ ನಂಬಿಕೆ ನಿಲ್ಲಲಿಲ್ಲ. 2002ರಲ್ಲಿ ಪರಿಷ್ಕೃತವಾದ ನಕ್ಷೆಯಲ್ಲಿ ಮೊದಲನೆಯ ವಲಯವನ್ನೇ ತೆಗೆದುಹಾಕಲಾಯಿತು. ಲಾತೂರ್ ಪ್ರದೇಶ ಮೂರನೆಯ ವಲಯಕ್ಕೆ ಸೇರಿತು, ಕರ್ನಾಟಕದ ಊರುಗಳು ಎರಡನೆಯ ಮತ್ತು ಮೂರನೆಯ ವಲಯಗಳಲ್ಲಿ ಹಂಚಿಹೋದವು.