ಬಸ್ತಿಕರ್ಮವೂ ಪರಿಚಾರಕನೂ: ಪುಣೆಯ ಒಂದು ಅಧ್ಯಾಯ

ವೈದ್ಯಶಾಸ್ತ್ರದ ಇತಿಹಾಸಕಾರರು ವೈದ್ಯನನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ರೋಗಿಯ ಬಳಿ ಪಾತ್ರೆ ಹಿಡಿದು ನಿಂತವನನ್ನು ಕುರಿತು ಬರೆದುದು ಅತ್ಯಲ್ಪ. ಚರಕಸಂಹಿತೆಯಾದರೋ ಹಾಗೆ ಉಪೇಕ್ಷಿಸಲಿಲ್ಲ. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನನ್ನೂ ಎಣಿಸಿ, ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ಗುಣಗಳನ್ನು ಅವನಲ್ಲಿ ಅಪೇಕ್ಷಿಸಿತು. ಈ ಗುಣಗಳನ್ನು ಒರೆಗೆ ಹಚ್ಚುವುದು ಕರುಳನ್ನು ಶೋಧಿಸುವ ಬಸ್ತಿಕರ್ಮ.

ಎತ್ತು, ಎಮ್ಮೆ, ಜಿಂಕೆ, ಹಂದಿ, ಆಡುಗಳ ಮೂತ್ರಕೋಶವೇ ಅಂದಿನ ಬಸ್ತಿಚೀಲ. ಅದಕ್ಕೆ ಕಟ್ಟುವ ನಳಿಗೆ ೬ ವರ್ಷದವನಿಗೆ ೬, ೧೨ ವರ್ಷದವನಿಗೆ ೮, ೨೦ ವರ್ಷದವನಿಗೆ ೧೨ ಅಂಗುಲ ಉದ್ದವಿರತಕ್ಕದ್ದು. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಎಡಗಾಲನ್ನು ನೀಡಿಸಿ, ಬಲಗಾಲನ್ನು ಮಡಿಸಬೇಕು. ಚೀಲವನ್ನು ಒತ್ತುವ ಕೈ ನಡುಗಕೂಡದು, ಅವಸರಪಡಕೂಡದು. ಇಂದಿನ ಶುಶ್ರೂಷಾ ಪಠ್ಯಗಳೂ ಎಡಮಗ್ಗುಲನ್ನೇ ವಿಧಿಸುತ್ತವೆ. ದೊಡ್ಡ ಕರುಳಿನ ಕೊನೆಯ ಭಾಗವು ಎಡಗಡೆಯಲ್ಲಿ ಇಳಿಯುವುದೇ ಅದಕ್ಕೆ ಕಾರಣ. ಹಠಯೋಗಿಯ ಬಸ್ತಿಯೋ ಬೇರೆ: ನಾಭಿಮಟ್ಟದ ನೀರಿನಲ್ಲಿ ಕುಳಿತು ತಾನೇ ನೀರನ್ನು ಸೆಳೆದುಕೊಳ್ಳುವ ಅಲ್ಲಿ ಪರಿಚಾರಕನಿಗೆ ಕೆಲಸವೇ ಇಲ್ಲ.

ಗೃಹಸ್ಥರ ಲೋಕದಲ್ಲಿ ಮಾತ್ರ ಇನ್ನೊಬ್ಬರ ಕೈ ಬೇಕು. ಆ ಕೈ ಯಾರದು ಎಂಬುದೇ ತೊಡಕು. ಮಲವನ್ನು ಮುಟ್ಟುವ ಕೆಲಸವನ್ನು ಜಾತಿಗೆ ಕಟ್ಟಿಹಾಕಿದ ಸಮಾಜವು ಶುಶ್ರೂಷೆಯನ್ನೂ ಹೀನವೆಂದೇ ಬಗೆದಿತ್ತು. ಪುಣೆಯಲ್ಲಿ ಈ ಬೇಲಿಯನ್ನು ದಾಟಿಸಿದವರು ರಮಾಬಾಯಿ ರಾನಡೆ. ೧೯೦೯ರಲ್ಲಿ ಸ್ಥಾಪಿತವಾದ ಪುಣೆಯ ಸೇವಾಸದನದ ಮೂಲಕ ಅವರು ಸ್ತ್ರೀಯರನ್ನು, ವಿಶೇಷವಾಗಿ ವಿಧವೆಯರನ್ನು, ಸಸೂನ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಕ್ಕೆ ಕಳುಹಿಸಿದರು. ಮಡಿಯ ಹೆಸರಿನಲ್ಲಿ ಮೂಲೆಗೆ ಸೇರಿದ್ದವಳು ಅಪರಿಚಿತ ರೋಗಿಯ ಮಲಪಾತ್ರೆಯನ್ನು ಎತ್ತಿದುದು ಸಾಮಾನ್ಯ ಸಂಗತಿಯಲ್ಲ. ಭಾಷಣಗಳಿಂದಾದ ಸುಧಾರಣೆಗಿಂತ ಇದು ಗಟ್ಟಿಯಾದುದು.

ಇದೇ ನಗರದ ತೋಡಿವಾಲಾ ರಸ್ತೆಯಲ್ಲಿ ಡಾ. ದಿನಶಾ ಮೆಹತಾ ಅವರ ನಿಸರ್ಗೋಪಚಾರಾಲಯವಿದ್ದಿತು. ಉಪವಾಸಕಾಲದಲ್ಲಿ ಎನಿಮಾವನ್ನು ತಪ್ಪದೆ ತೆಗೆದುಕೊಳ್ಳಬೇಕೆಂದು ಬರೆದಿದ್ದ ಗಾಂಧೀಜಿ ೧೯೪೪ರಿಂದೀಚೆಗೆ ಅಲ್ಲಿ ಹಲವು ಬಾರಿ ತಂಗಿದರು. ೧೯೪೫ರ ನವೆಂಬರ್ ೧೮ರಂದು ಅಖಿಲ ಭಾರತ ನಿಸರ್ಗೋಪಚಾರ ಪ್ರತಿಷ್ಠಾನದ ದಸ್ತಾವೇಜಿಗೆ ಸಹಿ ಹಾಕಿದರು. ಆದರೆ ಬಡವನು ನಗರದ ಚಿಕಿತ್ಸಾಲಯಕ್ಕೆ ಬರಲಾರನೆಂದು ಅವರಿಗೆ ಬೇಗನೆ ಮನದಟ್ಟಾಯಿತು. ೧೯೪೬ರ ಮಾರ್ಚ್‌ನಲ್ಲಿ ಸೊಲ್ಲಾಪುರದ ಹಾದಿಯಲ್ಲಿರುವ ಉರುಳಿಕಾಂಚನಕ್ಕೆ ಹೋಗಿ ತಾವೇ ರೋಗಿಗಳನ್ನು ನೋಡಿದರು. ಮಣ್ಣು, ನೀರು, ಬಿಸಿಲುಗಳು ಹಳ್ಳಿಯಲ್ಲಿ ಪುಕ್ಕಟೆಯಾಗಿ ದೊರೆಯುತ್ತಿದ್ದವು, ದೊರೆಯದಿದ್ದುದು ಪರಿಚಾರಕನೊಬ್ಬನೇ. ಆ ಕೆಲಸಕ್ಕೆಂದು ಅವರು ಅಲ್ಲಿ ಬಿಟ್ಟುಬಂದವರಲ್ಲಿ ಮಣಿಭಾಯಿ ದೇಸಾಯಿಯವರು ೧೯೯೩ರಲ್ಲಿ ತೀರಿಕೊಳ್ಳುವವರೆಗೂ ಆ ಊರಿನ ನಂಟನ್ನು ಬಿಡಲಿಲ್ಲ.