ಲಬ್ಧಪ್ರಶಮನ: ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ದೇಶದ ಪುನಃಸ್ಥಾಪನೆ (1799–1811)

ಕೌಟಿಲ್ಯನ ಅರ್ಥಶಾಸ್ತ್ರದ ಹದಿಮೂರನೆಯ ಅಧಿಕರಣದ ಕೊನೆಯಲ್ಲಿ ಲಬ್ಧಪ್ರಶಮನವೆಂಬ ಪ್ರಕರಣವೊಂದುಂಟು. ಕೋಟೆಗಳನ್ನು ಹಿಡಿಯುವ ಉಪಾಯಗಳನ್ನೆಲ್ಲ ಹೇಳಿದ ಬಳಿಕ, ಹಿಡಿದ ನಾಡನ್ನು ಶಾಂತಗೊಳಿಸುವ ಬಗೆಯನ್ನು ಶಾಸ್ತ್ರಕಾರನು ಅಲ್ಲಿ ವಿಚಾರಿಸುತ್ತಾನೆ. ಗೆದ್ದ ಅರಸನು ಹಿಂದಿನವನ ದೋಷಗಳನ್ನು ತನ್ನ ಗುಣಗಳಿಂದ ಮರೆಸಬೇಕು, ಕೊಟ್ಟ ಮಾತನ್ನು ನಡಸಬೇಕು, ಕರಪರಿಹಾರಗಳನ್ನು ಕೊಡಬೇಕು, ಆ ನಾಡಿನ ಭಾಷೆ, ವೇಷ, ಆಚಾರ, ದೇವತೋತ್ಸವಗಳನ್ನು ತನ್ನವೆಂದು ಭಾವಿಸಬೇಕು, ಸೆರೆಯಲ್ಲಿರುವವರನ್ನು ಬಿಡಿಸಬೇಕು, ಕೋಟೆ, ನಾಡು, ದಂಡುಗಳ ಮುಖ್ಯರು ಒಂದೆಡೆ ನೆಲೆಗೊಳ್ಳದಂತೆ ಅವರನ್ನು ಸ್ಥಳಾಂತರಿಸಬೇಕು. ಇದು ಆ ಪ್ರಕರಣದ ಸಾರ. ಈ ಗ್ರಂಥದ ತಾಳೆಯ ಪ್ರತಿಯು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದು, ಶ್ರೀಮಾನ್ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಮುದ್ರಿತವಾಯಿತು. ಆದುದರಿಂದ, ಅದೇ ಮೈಸೂರಿನಲ್ಲಿ ನೂರಹತ್ತು ವರ್ಷಗಳ ಹಿಂದೆ ಯುದ್ಧದಿಂದ ಕೆಟ್ಟ ದೇಶವನ್ನು ಮತ್ತೆ ನಿಲ್ಲಿಸುವ ಭಾರವನ್ನು ಹೊತ್ತ ದಿವಾನ್ ಪೂರ್ಣಯ್ಯನವರು ಈ ಸೂತ್ರಗಳನ್ನು ಓದಿ ನಡೆದರೆಂದು ಹೇಳಲಾಗದು. ಆದರೂ ಅವರ ಕಾರ್ಯಗಳನ್ನು ಈ ಪ್ರಕರಣದ ಪಕ್ಕದಲ್ಲಿಟ್ಟು ನೋಡುವುದರಿಂದ ಪ್ರಯೋಜನವುಂಟು. ಹೊಂದಿಕೆಯಾಗುವ ಅಂಶಗಳು ಅನೇಕವಾಗಿವೆ; ಆದರೆ ಹೊಂದದಿರುವ ಅಂಶವೊಂದೇ ಅವೆಲ್ಲಕ್ಕಿಂತ ಮುಖ್ಯವಾದುದು. ಕೌಟಿಲ್ಯನ ವಿಜಿಗೀಷುವು ತಾನೇ ಗೆದ್ದು ತಾನೇ ಆಳುವವನು. 1799ರ ಮೈಸೂರಿನಲ್ಲಿ ಗೆದ್ದವರು ಒಬ್ಬರು, ಪಟ್ಟವೇರಿದವರು ಇನ್ನೊಬ್ಬರು, ಆಳಿದವರು ಮೂರನೆಯವರು.

ದೇಶದ ಅಂದಿನ ಸ್ಥಿತಿಯನ್ನು ಮೊದಲು ತಿಳಿಯಬೇಕು. 1767ರಿಂದ 1799ರ ವರೆಗಿನ ಮೂವತ್ತೆರಡು ವರ್ಷಗಳಲ್ಲಿ ಇಂಗ್ಲಿಷರೊಡನೆ ನಾಲ್ಕು ಯುದ್ಧಗಳು ನಡೆದುವು. ಅವುಗಳಲ್ಲಿ ಮೂರನೆಯದು ಒಳನಾಡಿಗೆ ಮಾಡಿದ ಹಾನಿಯು ದೊಡ್ಡದು. ಕಾರ್ನ್‌ವಾಲಿಸನ ದಂಡು ಬೆಂಗಳೂರಿನ ಮಾರ್ಗವಾಗಿ ರಾಜಧಾನಿಗೆ ನಡೆಯಿತು. ಮರಾಠರ ಕುದುರೆಯ ದಂಡುಗಳು ಉತ್ತರದ ಸೀಮೆಗಳನ್ನು ಸೂರೆಮಾಡಿದುವು. 1791ರಲ್ಲಿ ಶೃಂಗೇರಿಯ ಮಠವೂ ಆ ಸೂರೆಯಿಂದ ತಪ್ಪಿಸಿಕೊಳ್ಳಲಿಲ್ಲ. ಶತ್ರುವಿಗೆ ಮೇವು ಧಾನ್ಯಗಳು ದೊರೆಯದಿರಲೆಂದು ಸುಲ್ತಾನನ ಕಡೆಯವರೂ ಊರುಗಳನ್ನು ಬರಿದುಮಾಡಿದರು. 1792ರ ಸಂಧಿಯಿಂದ ಅರ್ಧ ರಾಜ್ಯವು ಕೈಬಿಟ್ಟುದಲ್ಲದೆ, 3 ಕೋಟಿ 30 ಲಕ್ಷ ರೂಪಾಯಿಗಳ ದಂಡವೂ ಬಿದ್ದಿತು. ಉಳಿದ ಅರ್ಧದ ಪ್ರಜೆಗಳೇ ಅದನ್ನು ಹೊರಬೇಕಾಯಿತು. ಶಾನುಭೋಗರ ಕಡತಗಳಲ್ಲಿ ವರ್ಷವರ್ಷವೂ ಬೆಳೆದ ಬಾಕಿಗೆ ಮುಖ್ಯಕಾರಣವು ಇದು, ರೈತರ ಮೈಗಳ್ಳತನವಲ್ಲ. ಮೈಸೂರಿನ ಹಳೆಯ ಊರನ್ನು ಕೆಡವಿ ಅದರ ಕಲ್ಲುಗಳಿಂದ ನಜರಾಬಾದನ್ನು ಕಟ್ಟಿಸಲಾಗಿದ್ದಿತು. ಮುಂದೆ ಅವೇ ಕಲ್ಲುಗಳು ಮರಳಿ ಮೈಸೂರಿಗೆ ಬಂದುವು. 1800–01ರಲ್ಲಿ ದೇಶವನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನನು, ಲಕ್ಷಕ್ಕೂ ಮೀರಿದ ಜನರಿದ್ದ ಶ್ರೀರಂಗಪಟ್ಟಣದ ದ್ವೀಪದಲ್ಲಿ ಸುಮಾರು 32 ಸಾವಿರ ಜನರು ಉಳಿದಿದ್ದರೆಂದು ಎಣಿಸಿದ್ದಾನೆ.

1799ನೆಯ ಮೇ 4ರಂದು ಕೋಟೆಯು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಜೂನ್ 22ರ ಒಪ್ಪಂದದಿಂದ ಕಂಪೆನಿಯವರೂ ನಿಜಾಮನೂ ರಾಜ್ಯವನ್ನು ಹಂಚಿಕೊಂಡು, ನಡುಭಾಗವನ್ನು ಒಡೆಯರ ವಂಶಕ್ಕೆ ಬಿಟ್ಟರು. ಅದೇ ತಿಂಗಳ 30ರಂದು, ಐದು ವರ್ಷಗಳು ಇನ್ನೂ ತುಂಬದಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಜುಲೈ 8ರ ಒಪ್ಪಂದದಂತೆ ಮೈಸೂರು ರಾಜ್ಯವು ಕಂಪೆನಿಯ ದಂಡಿನ ವೆಚ್ಚಕ್ಕಾಗಿ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು, ಎಂದರೆ 24½ ಲಕ್ಷ ರೂಪಾಯಿಗಳನ್ನು, ಪೊಗದಿಯಾಗಿ ಸಲ್ಲಿಸಬೇಕು. ಈ ಹಣಕ್ಕೆ ಕುಂದು ಬರುವಂತೆ ತೋರಿದರೆ ಕಂಪೆನಿಯವರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದು. ಮುಂದಿನ ಕಥೆಯೆಲ್ಲವೂ ಈ ವಿಧಿಯ ನೆರಳಿನಲ್ಲಿ ನಡೆದುದು.

ಸುಲ್ತಾನನ ಮಕ್ಕಳನ್ನು ವೇಲೂರಿಗೆ ಕಳುಹಿಸಿದರು. ಹೈದರ್ ಟಿಪ್ಪುಗಳ ಮನೆತನದ ನಿರ್ವಾಹಕ್ಕೆ 2 ಲಕ್ಷ ಸ್ಟಾರ್ ಪಗೋಡಗಳನ್ನು ಗೊತ್ತುಪಡಿಸಿದರು. ಮೀರ್ ಕಮರುದ್ದೀನ್ ಖಾನನಿಗೆ ಗುರ್ರಂಕೊಂಡದ ಜಹಗೀರು ದೊರೆಯಿತು. ಮುಖ್ಯರ ಸ್ಥಳಾಂತರವೆಂದು ಕೌಟಿಲ್ಯನು ಹೇಳಿದುದು ಇದನ್ನೇ. ದಿವಾನಗಿರಿಯ ವಿಷಯದಲ್ಲಿ ಮಾತ್ರ ಗೆದ್ದವರು ಅನಿರೀಕ್ಷಿತವಾದ ದಾರಿಯನ್ನು ಹಿಡಿದರು. ರಾಣಿ ಲಕ್ಷ್ಮಮ್ಮಣ್ಣಿಯವರ ಪಕ್ಷದಲ್ಲಿ ದೇಶತ್ಯಾಗಮಾಡಿ ಬಹುಕಾಲ ದುಡಿದಿದ್ದ ತಿರುಮಲರಾಯರಿಗೆ ಆ ಪದವಿಯು ಬರಲಿಲ್ಲ. ಸುಲ್ತಾನನ ಅಧಿಕಾರಿಯಾಗಿ ಕೊನೆಯ ವರೆಗೂ ಯುದ್ಧರಂಗದಲ್ಲಿದ್ದ ಪೂರ್ಣಯ್ಯನವರಿಗೆ ಬಂದಿತು. ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನೇ ಪಟ್ಟಕ್ಕೇರಿಸಬೇಕೆಂದು ಪೂರ್ಣಯ್ಯನವರು ಮೊದಲು ಸೂಚಿಸಿದ್ದರೆಂಬುದೂ ಗೆದ್ದವರಿಗೆ ತಿಳಿದಿದ್ದಿತು. ನಿಷ್ಠೆಗೆ ಸಲ್ಲಬೇಕಾದ ಬಹುಮಾನವು ಅನುಭವಕ್ಕೆ ಸಂದಿತೆಂದು ತಿರುಮಲರಾಯರ ಕಡೆಯವರು ನೊಂದಿದ್ದರೆ ಆಶ್ಚರ್ಯವಿಲ್ಲ. ಆದರೆ ದಂಡಿಗೆ ಸಂಬಳವು ಎಲ್ಲಿಂದ ಬರುತ್ತದೆ, ಯಾವ ಸೀಮೆಯ ಕಂದಾಯವೆಷ್ಟು ಎಂಬುದನ್ನು ಬಲ್ಲವರು ಇವರು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ, ಟಿಪ್ಪುವು ಮಲೆಯಾಳದಿಂದ ಬರುವ ತನಕ ಆ ಸಂಗತಿಯನ್ನು ಮರೆಯಾಗಿರಿಸಿ ಅಷ್ಟು ದೊಡ್ಡ ಸೈನ್ಯವನ್ನು ಚದರದಂತೆ ಹಿಡಿದವರಲ್ಲಿ ಪೂರ್ಣಯ್ಯನವರು ಪ್ರಮುಖರು. ಒಡೆಯನಿಲ್ಲದ ದಂಡು ಏನು ಮಾಡಬಲ್ಲುದೆಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ವಿರಳ.

ಈ ಅನುಭವವು ಬೇಗನೆ ಬೇಕಾಯಿತು. ಸುಲ್ತಾನನ ದಂಡು ಮುರಿದಾಗ ಸಾವಿರಾರು ಮಂದಿ ಆಯುಧಜೀವಿಗಳು ಅನ್ನವಿಲ್ಲದೆ ಊರೂರಿಗೆ ಚದರಿದರು. ಕೋಟೆಯು ಬಿದ್ದ ದಿನವೇ ಸೆರೆಮನೆಯಿಂದ ಹೊರಬಿದ್ದ, ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನ ಸುತ್ತ ಇಂತಹವರೇ ನೆರೆದರು. ಅವನು ಬಿದನೂರಿನ ಸೀಮೆಯನ್ನು ಕೊಳ್ಳೆಹೊಡೆದು, ಮರಾಠರ ನಾಡಿಗೆ ಓಡಿ, ಅಲ್ಲಿ ಮತ್ತೆ ಬಲಗೂಡಿ, ಎರಡು ಲೋಕಗಳಿಗೂ ತಾನೇ ಅರಸನೆಂದು ಬಿರುದು ಹಾಕಿಕೊಂಡನು. ಆರ್ಥರ್ ವೆಲ್ಲೆಸ್ಲಿಯು ಅವನನ್ನು ತಿಂಗಳುಗಟ್ಟಲೆ ಬೆನ್ನಟ್ಟಿ 1800ನೆಯ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಕೊಂದನು. ಒಬ್ಬ ಧೋಂಡಿಯನು ಸತ್ತನು. ಅವನಂತಹವರು ಇನ್ನು ಹುಟ್ಟದಂತೆ ಮಾಡುವುದು ಫಿರಂಗಿಯಿಂದ ಆಗುವ ಕೆಲಸವಾಗಿರಲಿಲ್ಲ.

ಇಲ್ಲಿಯೇ ಪೂರ್ಣಯ್ಯನವರ ವಿವೇಕವು ಸ್ಪಷ್ಟವಾಗಿ ಕಾಣುವುದು. ಉಳಿತಾಯವೊಂದನ್ನೇ ನೋಡಿದ್ದರೆ, ಕಂಪೆನಿಯ ದಂಡಿಗೆ ಹಣ ತೆರುತ್ತಿರುವ ರಾಜ್ಯಕ್ಕೆ ಸ್ವಂತ ದಂಡೇಕೆ ಎಂದು ಎಲ್ಲರನ್ನೂ ಬಿಟ್ಟುಬಿಡಬಹುದಾಗಿದ್ದಿತು. ಅವರು ಹಾಗೆ ಮಾಡಲಿಲ್ಲ. ಕುದುರೆಯವರಲ್ಲಿ ನೆಚ್ಚತಕ್ಕವರನ್ನು ಆರಿಸಿ ಸಿಲ್ಲೇದಾರರನ್ನಾಗಿ ಇಟ್ಟುಕೊಂಡರು. ಕಾಲಾಳುಗಳಿಗೆ ಕಂದಾಚಾರವೆಂಬ ಹಳೆಯ ಏರ್ಪಾಟನ್ನು ಮತ್ತೆ ಊರ್ಜಿತಗೊಳಿಸಿದರು. ಆಯುಧವೇ ವೃತ್ತಿಯಾಗಿದ್ದ ಮನೆತನಗಳಲ್ಲಿ ಮನೆಗೊಬ್ಬನಾದರೂ ಸರ್ಕಾರದ ಸಂಬಳಕ್ಕೆ ಸೇರಿರಬೇಕೆಂಬುದು ಅವರ ನಿಯಮ. ಕಂದಾಚಾರದವನು ತನ್ನ ಊರಿನಲ್ಲಿಯೇ ಇದ್ದು ಹೊಲವನ್ನು ಉಳುತ್ತ ಅಲ್ಪವೇತನವನ್ನು ಪಡೆಯುವನು. ಕೋಟೆಯ ಕಾವಲು, ಖಜಾನೆಯ ಹಣವನ್ನು ಸಾಗಿಸುವುದು, ಕಳ್ಳರನ್ನು ಹಿಡಿಯುವುದು ಇವೇ ಮುಂತಾದ ಕೆಲಸಗಳಿಗೆ ಕರೆ ಬಂದಾಗ ಭತ್ಯವನ್ನೂ ಪಡೆಯುವನು. ಇಂತಹ ಹಲವು ಸಾವಿರ ಮಂದಿಗೆ ತಿಂಗಳು ತಿಂಗಳೂ ಸಲ್ಲುತ್ತಿದ್ದ ಹಣವು ಯುದ್ಧದೃಷ್ಟಿಯಿಂದ ವ್ಯರ್ಥವೆಂದೇ ತೋರಬಹುದು. ಅದು ದಂಡಿನ ವೆಚ್ಚವಲ್ಲ, ಶಾಂತಿಯ ವೆಚ್ಚ. ನಿನ್ನೆ ಕೊಳ್ಳೆಗಾರನ ಹಿಂದೆ ಹೋಗಬಹುದಾಗಿದ್ದವನು ಇಂದು ಅಮಲ್ದಾರನ ಕಚೇರಿಯ ಮುಂದೆ ಸಂಬಳಕ್ಕೆ ಕಾಯುವಂತಾಯಿತು. ಸಿಲ್ಲೇದಾರರಾದರೋ ಯುದ್ಧಕ್ಕೂ ಒದಗಿದರು: 1803ರ ಮರಾಠಾ ಯುದ್ಧದಲ್ಲಿ ಬಿಷ್ಟಪ್ಪ ಪಂಡಿತನ ನಾಯಕತ್ವದಲ್ಲಿ ಮೈಸೂರಿನ ಕುದುರೆಯವರು ವೆಲ್ಲೆಸ್ಲಿಯ ದಂಡಿನೊಡನೆ ಸೇವೆ ಸಲ್ಲಿಸಿದರು.

ಪಾಳೆಯಗಾರರ ಪ್ರಶ್ನೆಯು ಇಷ್ಟು ಸುಲಭವಾಗಿರಲಿಲ್ಲ. ಹೈದರ್ ಟಿಪ್ಪುಗಳ ಕಾಲದಲ್ಲಿ ನಾಡನ್ನು ಕಳೆದುಕೊಂಡಿದ್ದ ಇವರು ಸರ್ಕಾರ ಬದಲಾದೊಡನೆ ತಮ್ಮ ಗಡಿಗಳನ್ನು ನೆನೆಸಿಕೊಂಡರು. ಒಪ್ಪಿ ಬಂದವರಿಗೆ ಪೂರ್ಣಯ್ಯನವರು ವಿಶ್ರಾಂತಿವೇತನವನ್ನು ಕೊಟ್ಟು ಕಣ್ಣೆದುರಿಗೆ ಇಟ್ಟುಕೊಂಡರು. ಬಲಂ ಸೀಮೆಯ ಕೃಷ್ಣಪ್ಪ ನಾಯಕನು ಒಪ್ಪಲಿಲ್ಲ. 1802ರ ಆರಂಭದಲ್ಲಿ ವೆಲ್ಲೆಸ್ಲಿಯು ಮಲೆನಾಡಿನ ಕಾಡುಕೋಟೆಗಳನ್ನು ಮುರಿದು, ಫೆಬ್ರವರಿಯಲ್ಲಿ ಅವನನ್ನು ಹಿಡಿದು ಗಲ್ಲಿಗೇರಿಸಿದನು. ಧೋಂಡಿಯನ ಅನಾಥನಾದ ಮಗನನ್ನು ಸಾಕಿದ ಕೈಯೇ ಇದನ್ನೂ ಮಾಡಿತು.

ಕಂದಾಯದ ವಿಷಯಕ್ಕೆ ಬರೋಣ. ದಿವಾನರ ಮೊದಲ ಘೋಷಣೆಗಳಲ್ಲೊಂದು ಹಿಂದಿನ ಬಾಕಿಗಳನ್ನೆಲ್ಲ ಸಂಪೂರ್ಣವಾಗಿ ಬಿಟ್ಟಿರುವುದಾಗಿ ಸಾರಿದುದು. ಇನ್ನೊಂದು, ಭೂಮಿಗೂ ಸಾಯಿರಿಗೂ ಪೂರ್ವದ ದರಗಳೇ ಸಲ್ಲತಕ್ಕುವೆಂದು ಗೊತ್ತುಪಡಿಸಿದುದು. ಬಾಕಿಯನ್ನು ಬಿಟ್ಟುದರಲ್ಲಿ ನಷ್ಟವಾದುದು ಕಡತದಲ್ಲಿ ಮಾತ್ರವಿದ್ದ ಹಣ. ದೊರೆತುದು ಊರು ಬಿಟ್ಟು ಹೋದ ರೈತನು ಹೆದರದೆ ಮರಳಿ ಬರಬಹುದೆಂಬ ಭರವಸೆ. ಪೂರ್ವದ ದರವೆಂಬುದರಲ್ಲಿಯೂ ಹೀಗೆಯೇ. ಹೊಸ ದರವು ಎಷ್ಟೇ ನ್ಯಾಯವಾಗಿದ್ದರೂ ಅದನ್ನು ಜನರಿಗೆ ತಿಳಿಹೇಳಲು ಕಾಲ ಬೇಕು. ಹಳೆಯದು ಪಟೇಲನಿಗೂ ಶಾನುಭೋಗನಿಗೂ ರೈತನ ತಾಯಿಗೂ ಬಾಯಿಪಾಠವಾಗಿದ್ದಿತು. ಲೆಕ್ಕಪತ್ರಗಳಲ್ಲಿ ಫಾರಸಿಯು ಹಿಂದೆಗೆದು ಕನ್ನಡ ಮರಾಠಿಗಳು ನಿಂತುವು. ದೇವಸ್ಥಾನಗಳ ಇನಾಮುಗಳ ವಿಷಯದಲ್ಲಿ ದಿವಾನರು ಅಷ್ಟು ಉದಾರಿಗಳಾಗಲಿಲ್ಲ: ಸರ್ಕಾರಕ್ಕೆ ಸೇರಿಹೋಗಿದ್ದ ಭೂಮಿಗಳನ್ನೆಲ್ಲ ಹಿಂದಿರುಗಿಸದೆ, ಪೂಜೆಗೆ ಸಾಲುವಷ್ಟು ನಗದು ತಸ್ತೀಕನ್ನು ಬಹಳ ಕಡೆಗಳಲ್ಲಿ ಕಟ್ಟಿಕೊಟ್ಟರು. ಉತ್ಸವವು ನಡೆಯಿತು, ಭೂಮಿಯು ಕಂದಾಯಕ್ಕೆ ಉಳಿಯಿತು.

ಕೆರೆ ಕಾಲುವೆಗಳ ದುರಸ್ತಿಯು ನಡೆಯಿತು. ಸಾಗರಕಟ್ಟೆಯಿಂದ ಮೈಸೂರಿಗೆ ಕಾವೇರಿಯನ್ನು ತರಲು ತೋಡಿಸಿದ ನಾಲೆಯು ಕೈಗೂಡದೆ ಅರ್ಧದಲ್ಲಿಯೇ ನಿಂತುಹೋಯಿತು. ಶ್ರೀರಂಗಪಟ್ಟಣದಲ್ಲಿ ಕಲ್ಲಿನ ಕಂಬ ತೊಲೆಗಳಿಂದ ಕಟ್ಟಿಸಿ 1804ರಲ್ಲಿ ಗೌರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ ಸೇತುವೆಯು ಇಂದಿಗೂ ಇದೆ. ಚಿಕ್ಕದೇವರಾಜರ ಕಾಲದಿಂದ ಬಂದ ಅಂಚೆಯು ಕಾಗದದೊಡನೆ ಊರೂರಿನ ವಾರ್ತೆಯನ್ನೂ ದಿವಾನರಿಗೆ ಮುಟ್ಟಿಸುತ್ತಿದ್ದಿತು. ಇದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯು ಗಡಿಗಳನ್ನು ಗೊತ್ತುಪಡಿಸಲೆಂದು ದೇಶವನ್ನು ಅಳೆಯುತ್ತ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕೂಡಿಸಿದನು. 1804ರಲ್ಲಿ ಅವನು ಕನಕಗಿರಿಗೆ ಬಂದಾಗ ದೇವಚಂದ್ರನಿಗೆ ಉಂಟಾದ ಪ್ರೇರಣೆಯಿಂದ ರಾಜಾವಳೀಕಥೆಯು ಹುಟ್ಟಿತೆಂಬುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದ ವಿಷಯ. ಕಂದಾಯಕ್ಕೂ ಗಡಿಗೂ ಬೇಕಾದ ಅಳತೆಯ ಕೆಲಸದಿಂದ ನಮ್ಮ ಸಾಹಿತ್ಯಚರಿತ್ರೆಗೆ ದೊರೆತ ಲಾಭವಿದು.

ಫಲವನ್ನು ಅಂಕಿಗಳಿಂದ ನೋಡುವುದಾದರೆ, ಮೊದಲನೆಯ ವರ್ಷದ ಹುಟ್ಟುವಳಿಯು ಸುಮಾರು 21½ ಲಕ್ಷ ಕಂಠೀರಾಯಿ ವರಹಗಳಾಗಿದ್ದುದು ಐದನೆಯ ವರ್ಷದಲ್ಲಿ 25 ಲಕ್ಷವನ್ನು ಮೀರಿತು. ಈ ಲೆಕ್ಕಗಳನ್ನು 1805ರ ವರದಿಯಲ್ಲಿ ಕೊಟ್ಟಿರುವ ಮಾರ್ಕ್ ವಿಲ್ಕ್ಸನು ದಿವಾನರನ್ನು ಬಹಳವಾಗಿ ಹೊಗಳಿದ್ದಾನೆ. ಅವನ ವಿದ್ವತ್ತು ದೊಡ್ಡದು. ಆದರೆ ಮೈಸೂರಿನಲ್ಲಿ ರೆಸಿಡೆಂಟನ ಅಧಿಕಾರವನ್ನು ತಾನೇ ವಹಿಸಿದ್ದವನು, ತನ್ನ ಮೇಲಧಿಕಾರಿಗಳು ಏರ್ಪಡಿಸಿದ ವ್ಯವಸ್ಥೆಯ ಗುಣವನ್ನು ಅವರಿಗೇ ಬರೆದು ತಿಳಿಸುತ್ತಿದ್ದನೆಂಬುದನ್ನು ಮರೆಯಬಾರದು. ಏರಿದ ಹುಟ್ಟುವಳಿಯಲ್ಲಿ ಮೂರರಲ್ಲೊಂದು ಪಾಲಿನಷ್ಟು ಪೊಗದಿಗೇ ಹೋಗುತ್ತಿದ್ದಿತು. 1807ರ ಪೂರಕ ಒಪ್ಪಂದದಿಂದ 4,000 ಕುದುರೆಯವರನ್ನು ಸದಾ ಸಿದ್ಧವಾಗಿಟ್ಟಿರುವ ಹೊರೆಯೂ ಕೂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ದಿವಾನರಿಗೆ ಯಳಂದೂರಿನ ಜಹಗೀರು ದೊರೆಯಿತು. ಇಷ್ಟೆಲ್ಲ ವೆಚ್ಚವಾದ ಮೇಲೂ ಅವರು ಅಧಿಕಾರವನ್ನು ಬಿಡುವ ವೇಳೆಗೆ ಖಜಾನೆಯಲ್ಲಿ 2 ಕೋಟಿ ರೂಪಾಯಿಗಳಿಗೂ ಹೆಚ್ಚು ಹಣವು ಕೂಡಿದ್ದಿತು.

ಈ ಎರಡು ಕೋಟಿಯ ವಿಷಯದಲ್ಲಿಯೇ ಮುಂದಿನವರಲ್ಲಿ ಅಭಿಪ್ರಾಯಭೇದವು ಹುಟ್ಟಿದುದು. ಖಜಾನೆಯನ್ನು ತುಂಬುವುದಕ್ಕಾಗಿ ಪ್ರಜೆಗಳ ಕೈಯನ್ನು ಬರಿದುಮಾಡಿದರೆಂಬ ಆಕ್ಷೇಪಣೆಯುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪೊಗದಿಯು ಒಂದು ವರ್ಷ ತಪ್ಪಿದರೆ ರಾಜ್ಯವೇ ಹೋಗಬಹುದಾಗಿದ್ದ ಕಡೆಯಲ್ಲಿ, ಅನಾವೃಷ್ಟಿಯ ವರ್ಷಕ್ಕೆಂದು ಹಣವನ್ನು ಕೂಡಿಡದ ಮಂತ್ರಿಯನ್ನು ಯಾರು ಮೆಚ್ಚುತ್ತಿದ್ದರು? ದೋಷವು ಕೂಡಿಟ್ಟುದರಲ್ಲಿಲ್ಲ. ಹನ್ನೆರಡು ವರ್ಷಗಳ ಈ ಆಡಳಿತದಲ್ಲಿ ಕಂದಾಯ, ದಂಡು, ನ್ಯಾಯ, ಅಂಚೆ ಎಲ್ಲದರ ಎಳೆಗಳೂ ಒಬ್ಬರ ಕೈಯಲ್ಲಿಯೇ ಸೇರಿದ್ದುವು. ನ್ಯಾಯಸ್ಥಾನಗಳು ಪ್ರತ್ಯೇಕವಾಗಿ ಏರ್ಪಡಲಿಲ್ಲ. ಮುಖ್ಯವಾಗಿ ಪಂಚಾಯಿತಿಯ ಮೂಲಕ ವ್ಯಾಜ್ಯಗಳನ್ನು ತೀರಿಸಿ ದಿವಾನರ ಒಪ್ಪಿಗೆಯನ್ನು ಪಡೆಯುತ್ತಿದ್ದರು. ದೊರೆಗೆ ರಾಜ್ಯಭಾರವನ್ನು ಹಂತಹಂತವಾಗಿ ಕಲಿಸುವ ಏರ್ಪಾಟೂ ಕಾಣಬರುವುದಿಲ್ಲ. ತಾವೊಬ್ಬರೇ ಬಲ್ಲ ಯಂತ್ರವನ್ನು ಅವರು ಕಟ್ಟಿದರು. ಆ ಯಂತ್ರವು ಅವರಿರುವ ತನಕ ಚೆನ್ನಾಗಿ ನಡೆಯಿತು.

1811ರಲ್ಲಿ ಹದಿನಾರು ಹದಿನೇಳರ ವಯಸ್ಸಿನ ದೊರೆಗೆ ರಾಜ್ಯವನ್ನು ಒಪ್ಪಿಸಿ ಪೂರ್ಣಯ್ಯನವರು ಶ್ರೀರಂಗಪಟ್ಟಣಕ್ಕೆ ಹೋದರು; ಮರುವರ್ಷದ ಮಾರ್ಚಿಯಲ್ಲಿ ಅಲ್ಲಿಯೇ ತೀರಿಕೊಂಡರು. ಆಮೇಲೆ ಖಜಾನೆಯು ಕರಗಿತು. ಇಂತಿಷ್ಟು ಹಣವನ್ನು ತರುತ್ತೇವೆಂದು ಷರತ್ತು ಬರೆದುಕೊಟ್ಟ ಅಮಲ್ದಾರರ ಕೈಗೆ ಸೀಮೆಗಳು ಬಿದ್ದುವು. ದಂಡಿನ ಸಂಬಳವು ಬಾಕಿ ಬಿದ್ದಿತು. 1830ರಲ್ಲಿ ದಂಗೆಯೆದ್ದುದು, ಧೋಂಡಿಯನು ಮೊದಲು ಕೊಳ್ಳೆಹೊಡೆದ ಅದೇ ನಗರದ ಸೀಮೆಯಲ್ಲಿ. ಬಿದನೂರಿನ ನಾಯಕರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನ ಜೊತೆಗೆ, ಪಾಳೆಯಗಾರರ ಮನೆತನದ ತರೀಕೆರೆಯ ರಂಗಪ್ಪ ನಾಯಕನೂ ದಂಗೆಗೆ ಸೇರಿದನು. 1831ರಲ್ಲಿ ಬೆಂಟಿಂಕನು 1799ರ ಒಪ್ಪಂದದ ಆ ವಿಧಿಯನ್ನೇ ಎತ್ತಿಹೇಳಿ ರಾಜ್ಯದ ಆಡಳಿತವನ್ನು ಕಂಪೆನಿಯ ವಶಕ್ಕೆ ತೆಗೆದುಕೊಂಡನು. ಅದು ಒಡೆಯರ ವಂಶಕ್ಕೆ ಮರಳಿದುದು 1881ರಲ್ಲಿ.