ಲಿವರ್‌ನಿಂದ ಮಿದುಳಿಗೆ, ಮಿದುಳಿನಿಂದ ಲಿವರ್‌ಗೆ

ತೊಗರಿ ಬೇಳೆಯ ಕಲಬೆರಕೆಯಲ್ಲಿ ಕೇಸರಿ ಬೇಳೆಯಷ್ಟು ಕುಖ್ಯಾತವಾದದ್ದು ಇನ್ನೊಂದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ತೊಗರಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಕೇಸರಿ ಬೇಳೆಯನ್ನೇ ಹೊಟ್ಟೆಗೆ ಆಧಾರ ಮಾಡಿಕೊಂಡವರಲ್ಲಿ ಕೆಲವರ ಕಾಲುಗಳು ಸೆಟೆದು, ಒಂದಕ್ಕೊಂದು ಅಡ್ಡ ಬರುತ್ತವೆ. ಕೋಲಿಲ್ಲದೆ ನಡೆಯಲಾಗದು. ಈ ರೋಗಕ್ಕೆ ಲ್ಯಾಥಿರಿಸಂ ಎಂದು ಹೆಸರು. ಬೇಳೆಯೊಳಗಿನ ವಿಷವನ್ನು ಬೇರ್ಪಡಿಸಿ ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್, ಅಡಿಗ, ಶರ್ಮ ಮೂವರೂ ಇದ್ದರು. ಅದು 1964ರ ಮಾತು.

ವಿಷ ಸಿಕ್ಕಿತು, ಆದರೆ ಅದು ನರಕೋಶದಲ್ಲಿ ಮೊದಲು ಏನನ್ನು ಕೆಡಿಸುತ್ತದೆ? ಈ ಪ್ರಶ್ನೆಗೆ ಗಟ್ಟಿ ಉತ್ತರ ಬಂದದ್ದು ಮೂರು ದಶಕಗಳ ನಂತರ, ಅದೇ ಊರಿನ ನಿಮ್ಹಾನ್ಸ್‌ನಲ್ಲಿದ್ದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಪ್ರಯೋಗಾಲಯದಿಂದ. ಮೈಸೂರು ವಿಶ್ವವಿದ್ಯಾಲಯದ ಪಿಎಚ್‌.ಡಿ. ಪಡೆದು, ಅಮೆರಿಕದಲ್ಲಿ ಕೆಲಸ ಮಾಡಿ ಮರಳಿದವರು ಅವರು. 1998ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಬಂಧದ ಪ್ರಕಾರ, ವಿಷ ತಾಗಿದ ಇಲಿಗಳ ಬೆನ್ನುಹುರಿಯ ಕೆಳಭಾಗದಲ್ಲೂ ಮಿದುಳಿನ ಚಲನ ವಲಯದಲ್ಲೂ ಮೊದಲು ಸೋಲುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ‘ಕಾಂಪ್ಲೆಕ್ಸ್ 1’. ಕೋಶ ಸಾಯುವುದು ಆಮೇಲೆ. ರೋಗ ಗಂಡಸರನ್ನೇ ಹೆಚ್ಚು ಕಾಡುವುದೇಕೆ ಎಂಬ ಹಳೆಯ ಒಗಟಿಗೂ ಮುಂದಿನ ಕೆಲಸ ಸುಳಿವು ಕೊಟ್ಟಿತು. ಹೆಣ್ಣಿಲಿಗಳಲ್ಲಿ ಈಸ್ಟ್ರೊಜೆನ್ ಗ್ಲುಟರೆಡಾಕ್ಸಿನ್ ಎಂಬ ಪ್ರೋಟೀನನ್ನು ಹೆಚ್ಚಿಸಿ ಮೈಟೊಕಾಂಡ್ರಿಯಾವನ್ನು ಕಾಯುತ್ತದೆ. ಪಾರ್ಕಿನ್ಸನ್ ಅಧ್ಯಯನಕ್ಕೆ ಬಳಸುವ ಎಂಪಿಟಿಪಿ ವಿಷದ ಮೇಲಿನ ಅವರ ಪ್ರಬಂಧಗಳಲ್ಲೂ ಗ್ಲುಟರೆಡಾಕ್ಸಿನ್ನೇ ಮತ್ತೆ ಮುಂದೆ ಬರುತ್ತದೆ.

ಅವರ ಹೆಸರು ಮೊದಲು ಹರಡಿದ್ದು ಮಾತ್ರ ಬೇರೊಂದು ಕೆಲಸದಿಂದ. ಔಷಧವನ್ನು ಅರಗಿಸುವ ಕೆಲಸ ಲಿವರ್‌ನದ್ದು ಎಂಬುದು ಪಠ್ಯಪುಸ್ತಕದ ಮಾತು. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕ ಮಾನವ ಮಿದುಳಿನಲ್ಲಿಯೂ ಔಷಧ ಅರಗಿಸುವ ಪಿ-450 ಕಿಣ್ವಗಳು ಇವೆ ಎಂದು ಆನಂದತೀರ್ಥವರದ ಮತ್ತು ಎಸ್‌.ಕೆ. ಶಂಕರ್ ಜೊತೆ ಅವರು 1989ರಲ್ಲಿ ತೋರಿಸಿದರು. 2002ರಲ್ಲಿ ಅಲ್‌ಪ್ರಾಜೊಲಾಂ ಸರದಿ. ನಿದ್ದೆಗೂ ಆತಂಕಕ್ಕೂ ವೈದ್ಯರು ಬರೆಯುವ ಆ ಮಾತ್ರೆಯಿಂದ ಹುಟ್ಟುವ ಪದಾರ್ಥಗಳ ಪ್ರಮಾಣ ಲಿವರ್‌ನಲ್ಲಿ ಒಂದು, ಮಿದುಳಿನಲ್ಲಿ ಇನ್ನೊಂದು. ಇನ್ನೂ ಪರಿಣಾಮ ಉಳಿಸಿಕೊಂಡಿರುವ ರೂಪ ಮಿದುಳಿನಲ್ಲಿ ಹೆಚ್ಚು. ಹಾಗಾದರೆ ರಕ್ತದಲ್ಲಿನ ಮಟ್ಟ ನೋಡಿ ಡೋಸ್ ಲೆಕ್ಕ ಹಾಕುವುದು ಅರ್ಧ ಲೆಕ್ಕವಷ್ಟೇ. ನನಗೆ ಅವರ ಕೆಲಸದಲ್ಲಿ ಅತ್ಯಂತ ಉಪಯುಕ್ತ ಎನಿಸುವುದು ಇದೇ.

ಎಲ್ಲವೂ ನಿಲ್ಲಲಿಲ್ಲ. ನಿರುಪಯೋಗಿ ಎಂದು ತಿಳಿದಿದ್ದ ಸಿವೈಪಿ2ಡಿ7 ಜೀನು ಮಿದುಳಿನಲ್ಲಿ ಕೆಲಸ ಮಾಡುತ್ತದೆ, ಕೊಡೀನ್ ಅನ್ನು ಮಾರ್ಫೀನ್ ಮಾಡುತ್ತದೆ ಎಂಬ ಅವರ ತಂಡದ 2004ರ ಪ್ರತಿಪಾದನೆಯನ್ನು ಮರುವರ್ಷವೇ ಬೇರೆ ತಂಡದವರು ಪ್ರಶ್ನಿಸಿದರು. ಮುಂದೆ ಬೇರೆ ಬೇರೆ ಜನಾಂಗಗಳಲ್ಲಿ ಹುಡುಕಿದವರಿಗೂ ಅದಕ್ಕೆ ಬೇಕಾದ ಜೀನ್ ಬದಲಾವಣೆ ಅಪರೂಪವೆನಿಸಿತು. ಪ್ರಭಾವ ಎಂದರೆ ಬರೀ ಉಲ್ಲೇಖಗಳ ಲೆಕ್ಕವಲ್ಲ, ಇಂಥ ತಕರಾರೂ ಅದರಲ್ಲಿ ಸೇರಿದೆ.

2012ರಲ್ಲಿ ಕಥೆ ತಲೆಕೆಳಗಾಯಿತು. ನಮ್ಮಲ್ಲಿ ಹಿರೇಮದ್ದು ಎನ್ನುವ ಅಶ್ವಗಂಧದ ಬೇರಿನ ಸಾರವನ್ನು ಅಲ್ಜೈಮರ್ ಮಾದರಿಯ ಇಲಿಗಳಿಗೆ ದೇಹತೂಕದ ಕಿಲೋಗೆ 1 ಗ್ರಾಂನಂತೆ 30 ದಿನ ಅವರ ತಂಡ ಬಾಯಿಗೆ ಹಾಕಿತು. ಮರೆವು ತಗ್ಗಿತು, ಮಿದುಳಿನಲ್ಲಿ ಕಟ್ಟಿಕೊಂಡಿದ್ದ ಅಮೈಲಾಯ್ಡ್ ಎಂಬ ಪ್ರೋಟೀನ್ ಕರಗಿತು. ಆದರೆ ಔಷಧ ಕೆಲಸ ಮಾಡಿದ್ದು ಮಿದುಳಿನಲ್ಲಲ್ಲ. ಲಿವರ್‌ನಲ್ಲಿ ಎಲ್‌ಆರ್‌ಪಿ ಎಂಬ ಪ್ರೋಟೀನು ಹೆಚ್ಚಾಗಿ, ಅಮೈಲಾಯ್ಡನ್ನು ರಕ್ತದಿಂದ ಸೆಳೆದುಕೊಂಡಿತು. ಲಿವರ್‌ನ ಎಲ್‌ಆರ್‌ಪಿಯನ್ನು ಅಡಗಿಸಿದಾಗ ಗುಣವೂ ಕುಂದಿತು. ಲಿವರ್ ಬಿಟ್ಟು ಮಿದುಳಿಗೆ ಬಂದವರು ಇಲ್ಲಿ ಮಿದುಳು ಬಿಟ್ಟು ಲಿವರ್‌ಗೆ ಹೋದರು! ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಇನ್ನೂ ರುಜುವಾತಾಗಿಲ್ಲ. ಅಶ್ವಗಂಧದ ಪೂರಕಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು ವರದಿ ಮಾಡಿದ್ದಾರೆ. ಆದ್ದರಿಂದ ಪುಡಿ ಕೊಳ್ಳುವ ಮುನ್ನ ವೈದ್ಯರನ್ನು ಕೇಳುವುದೇ ಲೇಸು.

ಮನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ, 2010ರಲ್ಲಿ ಪದ್ಮಶ್ರೀ ಪಡೆದ ಅವರು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕರೂ ಹೌದು. ಆ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ 10,000 ಹಳ್ಳಿಗರ ನೆನಪಿನ ಶಕ್ತಿಯನ್ನು ಕಾಲಕಾಲಕ್ಕೆ ಅಳೆಯುವ ಗುರಿಯಿಟ್ಟು ಅಧ್ಯಯನ ನಡೆಸುತ್ತಿದೆ. ರಾಗಿ ಮುದ್ದೆಯ ಆ ಸೀಮೆಯ ಅಂಕಿಗಳು ಜೋಳದ ರೊಟ್ಟಿಯ ಮುದ್ದೇಬಿಹಾಳಕ್ಕೂ, ಕೀಟನಾಶಕ ಹೊಡೆಯುವ ಇಂಡಿಯ ನಿಂಬೆ ತೋಟದವರಿಗೂ ಎಷ್ಟು ಹೊಂದುತ್ತವೆ ಎಂಬುದನ್ನು ಆ ಊರುಗಳಲ್ಲಿಯೇ ಅಳೆದು ನೋಡಬೇಕು.